ಎಪ್ಪತ್ತೆಂಟು ಕಿಲೋ ಲಡ್ಡು

ಮುಜಾಹಿದನನ್ನು ಮೊದಲ ಸಲ ನೋಡಿದಾಗ ನನ್ನ ಎರಡೂ ಕೈ ಲಡ್ಡುವಿನ ಬಾಯೊಳಗಿದ್ದವು.

ಲಡ್ಡು ಅಂದರೆ ನಾಯಿ. ಬುಲ್ಲಿ ಕುತ್ತಾ ಜಾತಿ, ಎಪ್ಪತ್ತೆಂಟು ಕಿಲೋ ತೂಕ, ನಿಂತರೆ ತಲೆ ನನ್ನ ಸೊಂಟ ದಾಟುತ್ತದೆ. ಘಾಟ್ಕೋಪರ್‌ನ ನಮ್ಮ ಪ್ರಾಣಿಗಳ ಶೆಲ್ಟರ್‌ನಲ್ಲಿ ಆ ರವಿವಾರ ಬೆಳಿಗ್ಗೆ ಗೂಡಿನ ಚಿಲಕ ಮುರಿದು ಹೊರಬಿದ್ದವನು, ಗೇಟಿನ ಹತ್ತಿರ ಮಲಗಿದ್ದ ಬೀದಿನಾಯಿಯ ಕುತ್ತಿಗೆ ಹಿಡಿದುಬಿಟ್ಟಿದ್ದ. ನೀರು ಸುರಿದೆ, ಕೂಗಿದೆ, ಕೊನೆಗೆ ಬುದ್ಧಿ ಇಲ್ಲದವಳ ಹಾಗೆ ಕೈ ಹಾಕಿ ದವಡೆ ಬಿಡಿಸಲು ನೋಡಿದೆ. ರಕ್ತ ಮೊಣಕೈವರೆಗೆ ಇಳಿಯುತ್ತಿತ್ತು. ಯಾರ ರಕ್ತ ಎಂದು ನೋಡಲು ಪುರುಸೊತ್ತಿರಲಿಲ್ಲ.

"ಕೈ ತಗೀರಿ," ಎಂದಿತು ಹಿಂದಿನಿಂದ ಒಂದು ದನಿ. ಕನ್ನಡದಲ್ಲಿ. ಅದೂ ನಮ್ಮ ವಿಜಾಪುರದ ಕಡೆಯ ಕನ್ನಡ.

ಯಾರು ಏನು ಎಂದು ಕೇಳುವ ಮೊದಲೇ ಆತ ಮಂಡಿಯೂರಿ ಕೂತಿದ್ದ. ಮೂಲೆಯಲ್ಲಿದ್ದ ಬಡಿಗೆಯ ತುದಿಯನ್ನು ಲಡ್ಡುವಿನ ಹಿಂದಿನ ಹಲ್ಲುಗಳ ಸಂದಿಗೆ ತೂರಿಸಿ, ಬೀಗದ ಕೈ ತಿರುಗಿಸಿದ ಹಾಗೆ ಒಮ್ಮೆ ತಿರುಗಿಸಿದ. ದವಡೆ ಬಿಟ್ಟಿತು. ಬೀದಿನಾಯಿ ಹರಿದ ಕುತ್ತಿಗೆ ಹೊತ್ತು ಕುಂಯ್ಗುಡುತ್ತ ಆಫೀಸಿನೊಳಗೆ ಓಡಿತು.

ಈಗ ಲಡ್ಡು ಅವನ ಕಡೆ ತಿರುಗಿದ. ನಾನು ಕಣ್ಣು ಮುಚ್ಚಿದೆ. ಮುಂದೇನಾಗುತ್ತದೆ ಎಂದು ಚೆನ್ನಾಗಿ ಗೊತ್ತಿದ್ದವಳು ನಾನು. ಬಂದ ಮೊದಲ ವಾರವೇ ನನ್ನ ಎಡಗೈಗೆ ಹದಿನಾಲ್ಕು ಹೊಲಿಗೆ ಹಾಕಿಸಿದ್ದ ನಾಯಿ ಅದು. ಕಣ್ಣು ತೆರೆದಾಗ ಲಡ್ಡು ಆ ಅಪರಿಚಿತನ ತೊಡೆಯ ಮೇಲೆ ತಲೆ ಇಟ್ಟು, ರಕ್ತದ ಜೊಲ್ಲು ಸುರಿಸುತ್ತ ಮಲಗಿದ್ದ.

"ಯಾರ್ರೀ ನೀವು? ಒಳಗ ಬಿಟ್ಟವ್ರು ಯಾರು?"

"ಗೇಟ್ ತೆರದಿತ್ರಿ."

"ಗೇಟ್ ತೆರದಿದ್ರ ನುಗ್ಗಿಬಿಡೂದೇನು? ಕೈ ಕಡದಿದ್ರ?"

"ನಿಮ್ಮ ಕೈ ಕಡಿಯಾಕತ್ತಿತ್ತಲ್ಲರಿ," ಎಂದ. ಆಮೇಲೆ ತಲೆ ಎತ್ತಿ ನೋಡಿದ. ಹುಬ್ಬಿನ ಮೇಲೆ ಅರಳೆಯ ಎಳೆ ಅಂಟಿತ್ತು. ಅಷ್ಟು ರಕ್ತದ ನಡುವೆ ನನಗೆ ಅದೇ ಕಂಡಿತು, ಅದಕ್ಕೂ ಸಿಟ್ಟು ಬಂತು.

ಹೆಸರು ಮುಜಾಹಿದ ನದಾಫ. ಗ್ರಾಂಟ್ ರೋಡ್‌ನಲ್ಲಿ ಗಾದಿ ಹೊಲಿಯುವ ಅಂಗಡಿ, ಹಿಂದೆ ಅರಳೆಯ ಗೋದಾಮು. ನಮ್ಮ ಪೇಜ್‌ನಲ್ಲಿ ಲಡ್ಡುವಿನ ಫೋಟೋ ನೋಡಿ ದತ್ತು ಕೇಳಲು ಬಂದಿದ್ದ.

ಲಡ್ಡುವಿನ ಕಥೆ ಹೇಳಬೇಕು. ಆ ರವಿವಾರಕ್ಕೆ ನಾಲ್ಕು ತಿಂಗಳ ಹಿಂದೆ ಭಿವಂಡಿ ದಾಟಿ ಒಂದು ಹಳೆಯ ಶೆಡ್ಡಿನ ಮೇಲೆ ಪೊಲೀಸರು ದಾಳಿ ಮಾಡಿದರು. ಅಲ್ಲಿ ಅನಿಲಕುಮಾರ ಸೇಠ್ ಎಂಬುವನು ನಾಯಿಗಳ ಕಾಳಗ ಆಡಿಸುತ್ತಿದ್ದ. ಸೇಠ್ ಸಿಗಲಿಲ್ಲ, ಅವನ ಮೇಲೆ ಸಾಕ್ಷಿಯೂ ಇರಲಿಲ್ಲ. ಆರು ನಾಯಿ ಸಿಕ್ಕವು, ಮೂರು ನಮ್ಮ ಟೇಬಲ್ ಮೇಲೆ ಸತ್ತವು. ಲಡ್ಡುವಿಗೆ ಅಲ್ಲಿ ತೂಫಾನ್ ಎಂದು ಹೆಸರಿತ್ತು. ಆ ಹೆಸರು ನಮಗೆ ಬೇಡ ಎಂದು ಲಡ್ಡು ಎಂದಿಟ್ಟವಳು ನಾನೇ.

ಅವನ ಎದೆಯ ಮೇಲೆ ಹಸಿ ಹೊಲಿಗೆಗಳಿದ್ದವು. ದಪ್ಪ ಬಿಳಿ ದಾರ, ಜೋಡಿ ಜೋಡಿ ಟಾಕಿ, ಕೊನೆಯಲ್ಲಿ ಮೂರು ಸುತ್ತು ಹಾಕಿ ಹಿಂದಕ್ಕೆ ಎಳೆದ ಗಂಟು. ಗಾಯ ತೊಳೆದು ಕಟ್ಟುವ ಕೆಲಸದವಳು ನಾನು, ಬಿಚ್ಚಿದವಳೂ ನಾನೇ, ಇಪ್ಪತ್ತೆರಡು ಗಂಟು, ಎಲ್ಲವೂ ತಿರುವುಮುರುವು. ಶೆಲ್ಟರ್ ನಡೆಸುವ ಡಾಕ್ಟರ್ ಅನಿಕೇತ್ ಬೆಳಗಾವಿಯವರು. ಗಂಟು ನೋಡಿ ಹಲ್ಲು ಕಡಿದಿದ್ದರು. "ಇದು ಕಲಿತ ಕೈ. ಎಡಗೈ. ಯಾವನೋ ನಮ್ಮಂಥಾ ಡಾಕ್ಟರ ಅಲ್ಲೆ ಕುಂತು ಹೊಲದಾನ." ಅಂದಿನಿಂದ ಪೊಲೀಸರು ಎಡಗೈ ಪಶುವೈದ್ಯನನ್ನು ಹುಡುಕುತ್ತಿದ್ದರು. ನಾನೂ ಮನಸ್ಸಿನಲ್ಲಿ ಅವನನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದೆ.

ನನ್ನ ಕೈ ಕಚ್ಚಿದ ಮೇಲೆ ಶೆಲ್ಟರ್ ಟ್ರಸ್ಟಿನವರು ಒಂದು ಮಾತು ಬರೆಸಿಕೊಂಡಿದ್ದರು. ಲಡ್ಡು ಇನ್ನೊಬ್ಬ ಮನುಷ್ಯನನ್ನು ಕಚ್ಚಿದರೆ ಸಾಯಿಸುವ ಇಂಜೆಕ್ಷನ್. ಯಾರು, ಯಾಕೆ ಎಂದು ವಿಚಾರಣೆ ಇಲ್ಲ. ಆ ಕಾಗದದ ಕೆಳಗೆ ನನ್ನದೇ ಸಹಿ ಇತ್ತು: ಶಬ್ರೀನ ಗನಿಸಾಬ.

ದೊಡ್ಡ ನಾಯಿ ಕೇಳಿದವರು ನಮ್ಮಲ್ಲಿ ಎಂಟು ರವಿವಾರ ಬಂದು ಅದರ ಜೊತೆ ಕೂರಬೇಕು. ಆಮೇಲೆ ನಾವು ಅವರ ಮನೆ ನೋಡಬೇಕು. ಆಗಲೇ ನಾಯಿ. ಹೆಚ್ಚಿನವರು ಎರಡನೇ ರವಿವಾರಕ್ಕೇ ಮಾಯವಾಗುತ್ತಾರೆ. ಮುಜಾಹಿದ ಎಂಟಕ್ಕೆ ಎಂಟೂ ಬಂದ.

ಲಡ್ಡು ಅವನನ್ನು ತಾನೇ ಆರಿಸಿಕೊಂಡ ಎಂದು ಶೆಲ್ಟರ್‌ನವರೆಲ್ಲ ಹೇಳಿದರು. ನಾನೂ ನಂಬಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆ ಉರಿಯಿತು. ನಾಲ್ಕು ತಿಂಗಳು ಕೈಯಾರೆ ಉಣಿಸಿದವಳು ನಾನು, ತಲೆ ಇಟ್ಟಿದ್ದು ಅವನ ತೊಡೆಯ ಮೇಲೆ.

ಎರಡನೇ ರವಿವಾರ ಫಾರ್ಮ್ ತುಂಬಿಸಲು ಕೂತೆವು. ಕಚ್ಚಿದರೆ ಇಂಜೆಕ್ಷನ್ ಎಂಬ ಷರತ್ತನ್ನು ಮೊದಲು ಓದಿ ಹೇಳಿದೆ.

"ಮನ್ಯಾಗ ಸಣ್ಣ ಹುಡುಗ್ರು ಅದಾರೇನು?"

"ಇಲ್ಲರಿ. ಒಬ್ಬನ ಇರ್ತೀನಿ."

"ನಾಯಿ ಎಲ್ಲೆ ಮಲಗ್ತೈತಿ?"

"ಗೋದಾಮಿನ್ಯಾಗ. ನಮಾಜ್ ಮಾಡೂ ಕ್ವಾಣಿ ಮ್ಯಾಲ ಐತಿ. ಅಲ್ಲಿಗೆ ಅಂವಾ ಬರೂದಿಲ್ಲ, ನಾನ ಕೆಳಗ ಇಳಿತೀನಿ."

"ಮನ್ಯಾಗ ಸಿಟ್ಟಿನವ್ರು ಯಾರರ ಅದಾರೇನು?"

"ಸದ್ಯಕ್ಕ ಇಲ್ಲ," ಎಂದು ಪೆನ್ನು ಕೆಳಗಿಟ್ಟ. "ಮುಂದ ಬಂದ್ರೂ ಬರಬಹುದು."

ಹೇಳಿ ನನ್ನ ಮುಖ ನೋಡಲಿಲ್ಲ, ಲಡ್ಡುವಿನ ಕಿವಿ ನೋಡಿದ. ತುಟಿಯ ಒಂದು ಕೊನೆ ಮಾತ್ರ ನಗುತ್ತಿತ್ತು. ನಾನು ಫಾರ್ಮಿನ ಮೇಲೆ ಬೇಕಿಲ್ಲದ ಕಡೆ ಒಂದು ಟಿಕ್ ಹಾಕಿದೆ.

ಐದನೇ ರವಿವಾರ ಅವನ ರೆಪ್ಪೆಯ ಮೇಲೆ ಮತ್ತೆ ಅರಳೆ ಇತ್ತು. ಅದನ್ನು ನೋಡುತ್ತ ಅರ್ಧ ಗಂಟೆ ಸಹಿಸಿದೆ. ಆಮೇಲೆ, "ಅಲ್ಲಾಡಬ್ಯಾಡ್ರಿ," ಎಂದು ಎರಡು ಬೆರಳಿನಿಂದ ತೆಗೆದೆ. ಆತ ಉಸಿರು ಬಿಗಿಹಿಡಿದು ಕೂತಿದ್ದ. ಕಣ್ಣು ಮಾತ್ರ ನನ್ನ ಮೇಲೆ. ಅಷ್ಟು ಹತ್ತಿರದಲ್ಲಿ ಅವು ಕಪ್ಪಲ್ಲ, ಚಹಾದ ಬಣ್ಣ ಎಂದು ತಿಳಿಯಿತು.

"ತಗದ್ರೇನು?"

"ಹೂಂ."

"ಮತ್ತ ಕೈ ಇನ್ನಾ ಇಲ್ಲೇ ಐತಲ್ಲರಿ."

ಅವನ ಬಲಗೈಯ ಎರಡು ಬೆರಳು ಸೊಟ್ಟಗಿದ್ದವು. ಕೇಳಿದ್ದಕ್ಕೆ ಬಾಗಿಲ ಸಂದಿಯಲ್ಲಿ ಸಿಕ್ಕಿತ್ತು ಎಂದ. ಚಹಾದ ಗ್ಲಾಸನ್ನು ಯಾವಾಗಲೂ ಎಡಗೈಯಲ್ಲೇ ಹಿಡಿಯುತ್ತಿದ್ದ. ಎಂಟು ವಾರ ಅದು ನನ್ನ ಕಣ್ಣೆದುರಿಗೇ ಇತ್ತು. ನಾನು ಗ್ಲಾಸಿನ ಮೇಲಿನ ಮುಖ ನೋಡುತ್ತಿದ್ದೆ.

ಮನೆಯಲ್ಲಿ ನನ್ನ ಅಮ್ಮಿ ಗುಲಶನ ನಿಯಮ ಮಾಡಿದ್ದಾಳೆ: ಶೆಲ್ಟರ್‌ನಿಂದ ಬಂದರೆ ಮೊದಲು ಸ್ನಾನ, ಆಮೇಲೆ ಮಾತು. ಎಂಟನೇ ರವಿವಾರ ನಾನು ಸ್ನಾನ ಮಾಡಿಯೇ ಶೆಲ್ಟರ್‌ಗೆ ಹೊರಟೆ, ಕಣ್ಣಿಗೆ ಸುರ್ಮಾ ಹಚ್ಚಿಕೊಂಡು. "ನಾಯಿಗೆ ಸುರ್ಮಾ ತಿಳೀತೈತೇನು?" ಎಂದಳು ಅಮ್ಮಿ. ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಎಂಟು ರವಿವಾರ ಮುಗಿದ ಮೇಲೆ ಮುಜಾಹಿದನ ಮನೆ ನೋಡಲು ನಾನೇ ಹೋದೆ. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್. ಸ್ಟೇಷನ್ನಿನಿಂದ ಹತ್ತು ನಿಮಿಷ, ಸ್ಟೀಲ್ ಪಾತ್ರೆಯ ಅಂಗಡಿಯ ಪಕ್ಕ. ಗೋದಾಮಿನ ನಡುವೆ ಇಬ್ಬರು ಮಲಗುವಷ್ಟು ಅಗಲದ ಗಾದಿ ಹಾಸಿತ್ತು.

"ಲಡ್ಡುಂದು," ಎಂದ. "ದೊಡ್ಡ ನಾಯಿಗೆ ನೆಲಾ ಬಿರುಸಾಗ್ತೈತಿ. ಮೊಣಕೈ ಸುಲಿದು ಹುಣ್ಣಾಗ್ತಾವ. ಏಳು ಪದರ ಹಾಕೀನಿ. ಒಂದು ಮೂಲಿ ಉಳದೈತಿ, ಕುಂದ್ರರಿ, ಮುಗಿಸಿಬಿಡ್ತೀನಿ."

ನಾನು ಗಾದಿಯ ಅಂಚಿನಲ್ಲಿ ಕೂತೆ. ಖುಷಿಯಾಗಿದ್ದೆ. ಈ ಮನುಷ್ಯನಿಗೆ ನಾಯಿ ಕೊಟ್ಟರೆ ನಾಯಿ ನೋಡುವ ನೆಪದಲ್ಲಿ ತಿಂಗಳಿಗೊಮ್ಮೆ ಬರಬಹುದು, ವಾರಕ್ಕೊಮ್ಮೆ ಬಂದರೂ ಯಾರು ಕೇಳುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ. ಆತ ದಬ್ಬಣ ತೆಗೆದುಕೊಂಡ. ಗಾದಿಯ ಮೂಲೆ ಹಿಡಿದು ಹೊಲಿಯತೊಡಗಿದ. ಜೋಡಿ ಟಾಕಿ. ಮತ್ತೆ ಜೋಡಿ. ಕೊನೆಯಲ್ಲಿ ದಾರವನ್ನು ಮೂರು ಸುತ್ತು ಸುತ್ತಿ, ಎಡಗೈಯಿಂದ ಹಿಂದಕ್ಕೆ ಎಳೆದು ಬಿಗಿದ.

ಆ ಗಂಟನ್ನು ನಾನು ಇಪ್ಪತ್ತೆರಡು ಸಲ ಬಿಚ್ಚಿದ್ದೆ.

ಗಾದಿಯಿಂದ ಎದ್ದು ನಿಂತೆ. "ನೀವಾ," ಎಂದೆ. "ಲಡ್ಡುನ ಎದಿ ಹೊಲದವ್ರು ನೀವಾ?"

ಆತ ಇಲ್ಲ ಎನ್ನಲಿಲ್ಲ. ಇಲ್ಲ ಎಂದಿದ್ದರೆ ಬಹುಶಃ ನಂಬಿಬಿಡುತ್ತಿದ್ದೆ, ಅಷ್ಟು ಹಾಳಾಗಿದ್ದೆ ನಾನು. ಗೋಡೆಗೆ ಅರಳೆ ಬಡಿಯುವ ಬಡಿಗೆ ಒರಗಿತ್ತು. ಎತ್ತಿಕೊಂಡು ಹೊಡೆದೆ. ಭುಜಕ್ಕೆ, ಬೆನ್ನಿಗೆ, ಮತ್ತೆ ಭುಜಕ್ಕೆ. ಮೂಳೆಗೆ ತಾಗಿದ ಸದ್ದು ಕೇಳಿತು. ಆತ ಕೈ ಅಡ್ಡ ತರಲಿಲ್ಲ, ಏಳಲೂ ಇಲ್ಲ. ನನ್ನ ಕೈ ಸೋತ ಮೇಲೆ ಮಾತಾಡಿದ.

"ಮೊದಲ ಗಾದಿ ಕೇಳಾಕ ಬಂದ್ರು. ಹಳೇವು, ಮೂವತ್ತು. ಶೆಡ್ಡಿನ ಗ್ವಾಡಿಗೆ ಕಟ್ಟಾಕ, ಸಪ್ಪಳ ಹೊರಗ ಹೋಗಬಾರ್ದಂತ. ಎದಕ್ಕಂತ ನಾ ಕೇಳಲಿಲ್ಲ. ಕಟ್ಟಾಕ ಹ್ವಾದಾಗ ನೋಡಿದೆ. ಒಂದು ನಾಯಿದು ಹೊಟ್ಟಿ ಹರದು ಕಳ್ಳ ಹೊರಗ ಬಿದ್ದಿತ್ತು. ನೀ ಹೊಲಿಯಾಂವ ಅಲ್ಲೇನು, ಹೊಲಿ ಅಂದ ಸೇಠ್. ಹೊಲದೆ. ಬದುಕಿತು."

"ಎಷ್ಟು ಹೊಲದಿ?" ನನ್ನ ಬಾಯಿಂದ 'ರೀ' ಬಿದ್ದುಹೋಗಿತ್ತು.

"ಹನ್ನೊಂದು. ಹೊಲೀಲಿಲ್ಲಂದ್ರ ಅವತ್ತ ಸಾಯ್ತಿದ್ದುವು. ಹೊಲದ್ರ ಮೂರು ವಾರದಾಗ ಮತ್ತ ಇಳಸ್ತಿದ್ರು. ಲಡ್ಡುನ್ನ ಮೂರು ಸಲ ಹೊಲದೀನಿ. ಅವನ ಬಾಯಿ ಬಿಡಸೂದು ಅಲ್ಲೇ ಕಲತೀನಿ. ಮೂರನೇ ಸಲ ಅಂವಾ ನನ್ನ ಕೈ ನೆಕ್ಕಿದ. ಅವತ್ತ ಇನ್ನ ನಾ ಬರೂದಿಲ್ಲಂದೆ. ಬೆರಳ ಮುರದ್ರು. ಬಲಗೈದು. ನಾ ಯಾವ ಕೈಲೆ ಹೊಲಿತೀನಂತ ಸೇಠ್ ಎಂದೂ ನೋಡಿರಲಿಲ್ಲ. ಮರುದಿನ ಪೊಲೀಸರಿಗೆ ಫೋನ್ ಮಾಡಿದೆ, ಹೆಸರು ಹೇಳಲಿಲ್ಲ." ಸೊಟ್ಟ ಬೆರಳು ನೋಡಿಕೊಂಡು ಹೇಳಿದ: "ನಾಯಿ ಸಲುವಾಗಿ ಮಾಡಿದೆ ಅಂತ ಹೇಳಬಹುದು. ಬೆರಳ ಮುರದ ಸಿಟ್ಟಿಗೆ ಮಾಡಿದ್ದು."

"ಎಂಟು ವಾರ ನನ್ನ ಮುಂದ ಕುಂತಿ. ಒಂದು ಮಾತು ಹೇಳಬೇಕನಿಸಲಿಲ್ಲ?"

"ಹೇಳಿದ್ರ ಲಡ್ಡುನ್ನ ಕೊಡ್ತಿರಲಿಲ್ಲ. ಆಮ್ಯಾಲ ಆಮ್ಯಾಲ, ಹೇಳಿದ್ರ ನಿಮ್ಮನ್ನೂ ನೋಡಾಕ ಸಿಗೂದಿಲ್ಲಂತ."

ಬಡಿಗೆ ಎಸೆದು ಹೊರಬಂದೆ. ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಅತ್ತೆ. ಅವನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ಜಾಸ್ತಿ ಇತ್ತು. ಅವನನ್ನು ಹೊಡೆಯುವಾಗಲೂ ಭುಜಕ್ಕೆ ಹೊಡೆದಿದ್ದೆ, ತಲೆಗೆ ಹೊಡೆದಿರಲಿಲ್ಲ. ಮೂರು ದಿನ ಯಾರಿಗೂ ಹೇಳಲಿಲ್ಲ. ಹೇಳಲೇಬೇಕು ಎಂದು ಫೋನ್ ತೆಗೆಯುತ್ತಿದ್ದೆ, ಇಡುತ್ತಿದ್ದೆ.

ನಾಲ್ಕನೇ ದಿನ ಡಾಕ್ಟರ್ ಅನಿಕೇತ್ ಬಂದು ಕುರ್ಚಿಯಲ್ಲಿ ದೊಪ್ಪನೆ ಕೂತರು. "ಎಡಗೈ ಡಾಕ್ಟರ್ ಸಿಕ್ಕ. ಡಾಕ್ಟರೇ ಅಲ್ಲ, ನಮ್ಮ ಮುಜಾಹಿದ. ತಾನ ಪೊಲೀಸ್ ಸ್ಟೇಷನ್‌ಗೆ ಹೋಗಿ ಎಲ್ಲಾ ಬರಿಸ್ಯಾನ, ಸೇಠ್‌ನ ಹೆಸರು, ಬಂದವರ ಹೆಸರು. ಕೋರ್ಟಿನ್ಯಾಗೂ ಹೇಳ್ತಾನಂತ." ಕನ್ನಡಕ ಒರೆಸಿಕೊಂಡರು. "ಆರು ತಿಂಗಳು ನಾ ಒಬ್ಬ ಡಾಕ್ಟರನ್ನ ಬೈದೆ ನೋಡವಾ. ಅಂಥಾ ಹೊಲಿಗಿ ನನಗ ಬರೂದಿಲ್ಲ."

"ಲಡ್ಡುನ್ನ ಕೊಡ್ತೀರೇನು ಅವಗ?"

"ಲಡ್ಡುಗ ಬ್ಯಾರೆ ಯಾರು ಅದಾರ? ಒಂದು ವಾರ ಇಟ್ಟು ನೋಡೂಣು. ಕಚ್ಚಿದ್ರ ಮಾತ್ರ ಟ್ರಸ್ಟಿನವ್ರು ಬಿಡೂದಿಲ್ಲ, ಅದು ನಿನಗೂ ಗೊತ್ತೈತಿ."

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಲಡ್ಡುವನ್ನು ಟೆಂಪೋದಲ್ಲಿ ಕರೆದುಕೊಂಡು ಗ್ರಾಂಟ್ ರೋಡ್‌ಗೆ ಹೋದೆ. ಮುಜಾಹಿದ ಬಾಗಿಲಲ್ಲೇ ನಿಂತಿದ್ದ. ಭುಜ ಇನ್ನೂ ಒಂದು ಕಡೆ ಇಳಿದಿತ್ತು. ಲಡ್ಡುವಿನ ಬೆಲ್ಟನ್ನು ಗೋದಾಮಿನ ಕಬ್ಬಿಣದ ಕಂಬಕ್ಕೆ ಸುತ್ತಿ, ಅವನ ಮುಂದೆ ನೀರು ಇಟ್ಟೆ.

"ಸ್ಟೇಷನ್‌ಗೆ ಹೋಗಿದ್ದೆ," ಎಂದ.

"ಗೊತ್ತೈತಿ."

"ಇನ್ನಾ ಹೊಡಿಯೂದೈತೇನು?"

ನನಗೆ ನಗು ಬಂದುಬಿಡುತ್ತಿತ್ತು. ಆಗಲೇ ಶಟರ್ ಅರ್ಧ ಇಳಿದ ಸದ್ದಾಯಿತು.

ಇಬ್ಬರು ಒಳಗೆ ಬಂದರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡ್. ಇನ್ನೊಬ್ಬ ದಪ್ಪಗಿದ್ದವನು, ನನ್ನನ್ನು ನೋಡಲೂ ಇಲ್ಲ. "ಸೇಠ್ ನೇ ಸಲಾಮ್ ಬೋಲಾ ಹೈ," ಎಂದ. ಮೊದಲ ಏಟು ಮುಜಾಹಿದನ ಮಂಡಿಗೆ ಬಿತ್ತು. ಎರಡನೆಯದು ಬಾಯಿಗೆ. ತುಟಿ ಸೀಳಿ ಬಿಳಿ ಅರಳೆಯ ರಾಶಿಯ ಮೇಲೆ ರಕ್ತ ಸಿಡಿಯಿತು.

ಲಡ್ಡು ಎದ್ದು ನಿಂತ. ಬೆಲ್ಟ್ ಬಿಗಿಯಿತು, ಕಂಬ ಕಿರುಗುಟ್ಟಿತು. ನಾನು ಕಾಲು ಒತ್ತಿ, ಎರಡೂ ಕೈಯಿಂದ ಬೆಲ್ಟ್ ಹಿಡಿದೆ. ದಪ್ಪನವನು ನಾಯಿಯ ಗುರುತು ಹಿಡಿದು ನಕ್ಕ. "ಅರೇ, ತೂಫಾನ್. ಇಸೀ ಕೋ ಪಕಡ್." ಮುಜಾಹಿದನನ್ನೇ ಹಿಡಿ ಎಂದು ನಾಯಿಗೆ ಹೇಳುತ್ತಿದ್ದ.

ಹಳೆಯ ಹೆಸರು ಕೇಳಿ ಲಡ್ಡುವಿನ ಮೈ ಕಲ್ಲಾಯಿತು. ಅವನ ಕಣ್ಣು ಮಾತ್ರ ರಾಡ್ ಹಿಡಿದ ಕೈಯ ಮೇಲಿತ್ತು. ನನ್ನ ಹೆಬ್ಬೆರಳು ಬೆಲ್ಟಿನ ಕೊಕ್ಕೆಯ ಮೇಲಿತ್ತು. ಒತ್ತಿದರೆ ಸಾಕು. ಎರಡು ನಿಮಿಷದಲ್ಲಿ ಆ ಇಬ್ಬರೂ ನೆಲದ ಮೇಲಿರುತ್ತಾರೆ, ಮುಜಾಹಿದ ಬದುಕುತ್ತಾನೆ. ಸಂಜೆಯೊಳಗೆ ಲಡ್ಡುವಿಗೆ ಇಂಜೆಕ್ಷನ್, ನಾನೇ ಸಹಿ ಮಾಡಿದ ಕಾಗದದ ಪ್ರಕಾರ.

ಇನ್ನೊಂದು ಏಟು ಬೆನ್ನಿಗೆ ಬಿತ್ತು. ಮುಜಾಹಿದ ಬೋರಲು ಬಿದ್ದ. ಅಲ್ಲಿಂದಲೇ ನನ್ನ ಹೆಬ್ಬೆರಳು ನೋಡಿದ.

"ಬಿಡಬ್ಯಾಡ ಶಬ್ರೀನ," ಎಂದ. ಬಾಯಿ ತುಂಬ ರಕ್ತ. "ಬಿಟ್ಟಿ ಅಂದ್ರ ಅವನ್ನ ಕೊಲ್ತಾರ. ನನಗೇನೂ ಆಗೂದಿಲ್ಲ, ನೀ ಬಿಡಬ್ಯಾಡ."

ಏನೂ ಆಗುವುದಿಲ್ಲವಂತೆ. ಅವನ ಮಂಡಿ ತಿರುಚಿಕೊಂಡು ಬಿದ್ದಿತ್ತು. ಆ ಗಳಿಗೆಯಲ್ಲಿ ನನಗೆ ಖಚಿತವಾಯಿತು, ಇವನು ಸತ್ತರೆ ನಾನು ಉಳಿಯುವುದಿಲ್ಲ, ಲಡ್ಡು ಸತ್ತರೆ ಇವನು ಉಳಿಯುವುದಿಲ್ಲ.

ಬೆಲ್ಟನ್ನು ಕಂಬಕ್ಕೆ ಇನ್ನೆರಡು ಸುತ್ತು ಸುತ್ತಿ ಗಂಟು ಹಾಕಿದೆ. ಗಾದಿಯ ಮೇಲೆ ದಬ್ಬಣ ಬಿದ್ದಿತ್ತು, ಗೇಣುದ್ದದ್ದು. ಎತ್ತಿಕೊಂಡು ಓಡಿ ದಪ್ಪನವನ ತೊಡೆಗೆ ಚುಚ್ಚಿದೆ. ಅರ್ಧ ಇಳಿಯಿತು. ಮಾಂಸದಲ್ಲಿ ಸೂಜಿ ಹೋಗುವುದು ನನಗೆ ಹೊಸದಲ್ಲ, ಆದರೆ ಇಷ್ಟು ಖುಷಿಯಿಂದ ಯಾವತ್ತೂ ಚುಚ್ಚಿರಲಿಲ್ಲ. ಅವನು ಕಿರುಚಿ ಕುಸಿದ. ಇನ್ನೊಬ್ಬ ನನ್ನ ಜಡೆ ಹಿಡಿದು ಜಗ್ಗಿ ತಲೆಯನ್ನು ಗೋಡೆಗೆ ಬಡಿದ. ಕಣ್ಣಿಗೆ ಕತ್ತಲೆ ಬಂತು. ಅವನ ಮಣಿಕಟ್ಟು ನನ್ನ ಬಾಯಿಯ ಹತ್ತಿರವಿತ್ತು. ಕಚ್ಚಿದೆ. ಅವನು ಹೊಡೆದಷ್ಟೂ ಹಲ್ಲು ಬಿಗಿಯಿತು. ಉಪ್ಪು ಉಪ್ಪು ರಕ್ತ ಗಂಟಲಿಗೆ ಇಳಿಯಿತು. ರಾಡ್ ನೆಲಕ್ಕೆ ಬಿದ್ದು ಠಣ್ ಎಂದ ಮೇಲೂ ನಾನು ಬಿಡಲಿಲ್ಲ. ಲಡ್ಡು ಕಂಬದ ಹತ್ತಿರ ನಿಂತು, ಕಟ್ಟಡ ಅದುರುವಂತೆ ಬೊಗಳುತ್ತಿದ್ದ. ಆ ಸದ್ದಿಗೆ ಸ್ಟೀಲ್ ಅಂಗಡಿಯವರು ಶಟರ್ ಎತ್ತಿ ನುಗ್ಗಿದರು.

ಮಧ್ಯಾಹ್ನದ ಹೊತ್ತಿಗೆ ನಾವೆಲ್ಲ ಒಂದೇ ಆಸ್ಪತ್ರೆಯಲ್ಲಿದ್ದೆವು. ಮುಜಾಹಿದನ ಮಂಡಿಗೆ ಪ್ಲಾಸ್ಟರ್, ತುಟಿಗೆ ಏಳು ಹೊಲಿಗೆ. ನನ್ನ ಹಣೆಗೆ ಪಟ್ಟಿ. ಲಡ್ಡು ಹೊರಗೆ ಟೆಂಪೋದಲ್ಲಿ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡವನು ಇನ್ಸ್‌ಪೆಕ್ಟರ್ ಎದುರು ಒಂದೇ ಮಾತು ಹೇಳುತ್ತಿದ್ದ: ನಾಯಿ ಕಚ್ಚಿತು, ನಾಯಿಯನ್ನು ಬಿಟ್ಟು ಕಚ್ಚಿಸಿದರು. ಡಾಕ್ಟರ್ ಅನಿಕೇತ್ ಅಷ್ಟು ದೂರದಿಂದ ಓಡಿ ಬಂದಿದ್ದರು. ಅವರ ಮುಖದಲ್ಲಿ ಬಣ್ಣವಿರಲಿಲ್ಲ.

"ಖರೇ ಹೇಳವಾ ಶಬ್ರೀನ. ಲಡ್ಡು ಕಚ್ಚಿದನೇನು?"

"ಇಲ್ಲ ಸರ್."

"ಮತ್ತ ಅಂವಾ ಸುಳ್ಳ ಹೇಳಾಕತ್ತಾನೇನು? ಗಾಯಾ ಐತಲ್ಲ."

"ಗಾಯಾ ಖರೇ. ಕಚ್ಚಿದಾಕಿ ನಾನು."

ಇನ್ಸ್‌ಪೆಕ್ಟರ್ ನನ್ನನ್ನು ನೋಡಿದರು. ಡಾಕ್ಟರ್ ಬಟ್ಟೆ ಬಿಚ್ಚಿಸಿ ಗಾಯದ ಹತ್ತಿರ ಕನ್ನಡಕ ತಂದರು. ಸಣ್ಣ ಸಣ್ಣ ಹಲ್ಲಿನ ಎರಡು ಸಾಲು, ಬಳೆಯ ತುಂಡಿನಷ್ಟು. "ಲಡ್ಡು ಕಚ್ಚಿದ್ರ ಈ ಕೈ ಇವನ ಕಡೆ ಉಳೀತಿರಲಿಲ್ಲ ಸಾಹೇಬರ," ಎಂದರು ಸಮಾಧಾನವಾಗಿ. "ಇದು ಮನುಷ್ಯಾರ ಬಾಯಿ." ನಾನು ಬೇಕಾದರೆ ಇನ್ನೊಮ್ಮೆ ಕಚ್ಚಿ ಅಳತೆ ತೋರಿಸುತ್ತೇನೆ ಎಂದೆ. ಆ ಗಂಡಸು ಕೈ ಹಿಂದಕ್ಕೆ ಎಳೆದುಕೊಂಡ. ಅಷ್ಟೇ ಸಾಕಾಯಿತು ಇನ್ಸ್‌ಪೆಕ್ಟರಿಗೆ.

ಎಲ್ಲರೂ ಹೊರಗೆ ಹೋದ ಮೇಲೆ ಮುಜಾಹಿದ ಮಂಚದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದ. ಮುಖ ಊದಿ ಒಂದು ಕಣ್ಣು ಮುಚ್ಚಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಎರಡರಷ್ಟು ನೋಡುತ್ತಿದ್ದ.

"ಮತ್ತ ಬರ್ತಾರ ಅವ್ರು," ಎಂದ. "ಕೋರ್ಟ್ ಮುಗಿಯೋತನಕ ಬರ್ತಾನ ಇರ್ತಾರ."

"ಬರ್ಲಿ."

"ನೀ ದೂರ ಇರು. ನಿನಗ ಏನರ ಆದ್ರ ನನಗ..." ಮುಖ ಗೋಡೆಯ ಕಡೆ ತಿರುಗಿಸಿದ.

ನಾನು ಸ್ಟೂಲ್ ಎಳೆದುಕೊಂಡು ಹತ್ತಿರ ಕೂತೆ.

"ನನ್ನ ಸಿಟ್ಟು ಹೋಗಿಲ್ಲ," ಎಂದೆ. "ಹನ್ನೊಂದು ನಾಯಿ ಹೊಲದು ಮತ್ತ ಅಲ್ಲೇ ಬಿಟ್ಟು ಬಂದಿ ನೀ. ಅದನ್ನ ನಾ ಮರಿಯಾಕಿ ಅಲ್ಲ. ಊಟಕ್ಕ ಕುಂತಾಗ ನೆನಪಾದ್ರ ಅಲ್ಲೇ ಬೈತೀನಿ. ಮತ್ತ ನಿನ್ನ ಬಿಟ್ಟು ಇರೂದೂ ನನ್ನ ಕಡಿಂದ ಆಗೂದಿಲ್ಲ. ಇವತ್ತ ಗೊತ್ತಾತು. ಎರಡೂ ಕೂಡೇ ಇರ್ತಾವ. ನಡೀತೈತೇನು?"

ಅವನ ಮುಚ್ಚಿದ ಕಣ್ಣಿನಿಂದಲೂ ನೀರು ಇಳಿಯಿತು.

"ನಡೀತೈತಿ," ಎಂದ. "ನಾ ಸಾಯೋತನಕ ಬೈದ್ರೂ ನಡೀತೈತಿ."

"ಅಳಬ್ಯಾಡ, ತುಟಿ ಬಿಚ್ಚತೈತಿ."

ಅವನ ಕೆನ್ನೆ ಒರೆಸಿ, ಡಿಸ್ಚಾರ್ಜ್ ಚೀಟಿ ಬಂದ ಮೇಲೆ ಗಾಲಿಕುರ್ಚಿ ತರಿಸಿ, ಅದರಲ್ಲಿ ಕೂರಿಸಿದೆ. ಕೆಳಗೆ ಟೆಂಪೋದಲ್ಲಿ ಲಡ್ಡು ಬೆಳಿಗ್ಗೆಯಿಂದ ನೀರು ಮುಟ್ಟದೆ ಕಾಯುತ್ತಿದ್ದ. ನಾವು ಮೂವರೂ ಗ್ರಾಂಟ್ ರೋಡ್‌ನ ಮನೆಗೆ ಹೊರಟೆವು.